ಬೆಳಕಿನ ಹೆಪ್ಪು

ತಳದ ಗಸಿಯನ್ನು ಉಳಿಸಿಕೊಂಡು, ಮೇಲಿನ ಬೆಲ್ಲದ ನೀರನ್ನು ಬಗ್ಗಿಸಿ ಚೆಲ್ಲಿ, ನೀಲಾಂಬಿಕೆ ಗಾಜಿನ ಭರಣಿಗೆ ಉಪ್ಪು ಬೆರೆಸಿದ ತೆಳು ಗಂಜಿ ಹುಯ್ಯುತ್ತಿದ್ದಳು. ಊರಿನ ಎಲ್ಲ ಮನೆಗಳಂತೆ ಈ ಮನೆಗೂ ಭರಣಿಯ ಜೀವಾಣುಗಳೇ ದೀಪ. ಮಗಳು ವೈಜಯಂತಿ ಇವತ್ತು ಸಂಜೆ ಗಂಡನ ಮನೆಗೆ ಹೊರಡುವವಳು. ತವರಿನ ಬೆಳಕಿನ ಹೆಪ್ಪು ಒಯ್ಯುವುದು ರೂಢಿ. ಆದರೆ ಭರಣಿಯ ನೀರು ಹಾಲಿನಂತೆ ದಟ್ಟವಾಗಿ, ನಿನ್ನೆಯಿಂದ ಬೆಳಗುವುದನ್ನೇ ಬಿಟ್ಟಿತ್ತು.

"ಆಯಿ, ಬೆಲ್ಲ ಹಾಕಿ ಕೊಂದಿ ನೋಡು!" ಎಂದು ವೈಜಯಂತಿ ಅಜ್ಜಿಯ ಮೇಲೆ ರೇಗಿದಳು.

ನೀಲಾಂಬಿಕೆಯ ಅತ್ತೆ ಬಸಲಿಂಗವ್ವನ ಮುಖ ಸಣ್ಣದಾಯಿತು. "ದಿನಾ ಬರೇ ಗಂಜಿ ಕುಡಿಸ್ತೀರಿ. ಪಾಪ, ಹಸ್ತಿರ್ತಾವಂತ ಹಾಕಿದ್ನೆವ್ವಾ."

"ಸತ್ತಿಲ್ರೀ ಅತ್ತಿ," ನೀಲಾಂಬಿಕೆ ನಕ್ಕಳು. "ಹೊಟ್ಟಿ ತುಂಬಿದ್ರ ಇವು ಸುಮ್ಮನ ಮೈ ಬೆಳಸ್ತಾವ, ದೀಪ ಆರಿಸ್ತಾವ. ಅರೆಹೊಟ್ಟಿಯಾಗ ಇಟ್ರ ಮತ್ತ ಹಚ್ತಾವ."

"ನಿನ್ನ ಗಂಡನ ಹಂಗ ಬಿಡು. ಉಂಡ ಮ್ಯಾಲ ಕಡ್ಡಿ ಎತ್ತಂಗಿಲ್ಲ," ಎಂದಳು ಬಸಲಿಂಗವ್ವ.

ಮುಸ್ಸಂಜೆಗೆ ಭರಣಿಯ ತಳದಲ್ಲಿ ನೀಲಿ ಮಿಣುಕು ಕಂಡಿತು. ಸ್ವಲ್ಪ ಹೊತ್ತಿನಲ್ಲೇ ಮೂವರ ಮುಖವೂ ಬೆಳಗಿತು. ಹೆಪ್ಪು ತುಂಬಿದ ಶೀಶೆಯನ್ನು ಎದೆಗೊತ್ತಿಕೊಂಡು ವೈಜಯಂತಿ ಅಜ್ಜಿಯ ಕಾಲಿಗೆ ಬಿದ್ದಳು.

"ನೋಡಿದ್ಯಾ, ನನ್ನ ಬೆಲ್ಲದ ಕಸುವು!" ಎಂದಳು ಮುದುಕಿ.

ಮಗಳು ಹೊರಟ ಮೇಲೆ ನೀಲಾಂಬಿಕೆ ಅಟ್ಟದಿಂದ ಇನ್ನೊಂದು ಭರಣಿ ಇಳಿಸಿ ತೊಳೆದಳು. ನಾಳೆ ಅದರಲ್ಲೂ ಸ್ವಲ್ಪ ಹೆಪ್ಪು ಹಾಕಿ ಅತ್ತೆಯ ಮಂಚದ ಪಕ್ಕ ಇಡಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅದು ಬೆಳಗದಿದ್ದರೂ ನಡೆಯುತ್ತದೆ. ಅತ್ತೆಗೆ ದಿನಾ ಯಾರಿಗಾದರೂ ಬೆಲ್ಲ ತಿನ್ನಿಸಬೇಕು, ಅಷ್ಟೆ.