ಅಟ್ರಾಕ್ಟಾಳ ಸಾಕ್ಷಿ

ವಿಚಾರಣೆಗೆ ಐದೇ ನಿಮಿಷ. ಅಟ್ರಾಕ್ಟಾಳ ಸುಳಿವಿಲ್ಲ.

"ಇನ್ನೊಂದ್ಸಲ ಫೋನ್ ಮಾಡಿ ನೋಡಮ್ಮ," ಎಂದ ವಕೀಲ ಫಿಂಟನ್. ವಿನ್ನಿ ಕಾನರ್ಸ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ.

ಸ್ಲೈಗೋ ಪಟ್ಟಣದ ಒಂದು ಹೋಟೆಲಿನಲ್ಲಿ ವಿನ್ನಿ ಒಂಬತ್ತು ವರ್ಷ ಕೋಣೆ ಗುಡಿಸಿದ್ದಳು. ತಾನು ಅಲೆಮಾರಿ ಟ್ರಾವೆಲರ್ ಜನದವಳು, ಊರಾಚೆಯ ಕ್ಯಾರವಾನ್ ಗಾಡಿಮನೆಗಳ ಸಾಲಿನಲ್ಲಿ ಹುಟ್ಟಿದವಳು ಎಂದು ಯಾರಿಗೂ ಹೇಳಿರಲಿಲ್ಲ. ಕಳೆದ ವಸಂತದಲ್ಲಿ ತನ್ನ ಮಗಳ ಮದುವೆಗೆ ಹೋಟೆಲಿನ ಹಾಲ್ ಕೇಳಲು ಬಂದ ಅಣ್ಣ, "ನಮ್ಮ ವಿನ್ನಿ ಇಲ್ಲೇ ಇರೋದು," ಅಂದುಬಿಟ್ಟ. ಅಣ್ಣನಿಗೆ ಹಾಲ್ ಸಿಗಲಿಲ್ಲ. ಮರುವಾರ ವಿನ್ನಿಗೆ ಕೆಲಸವೂ ಉಳಿಯಲಿಲ್ಲ.

"ಆ ಜನದವಳ ಕೈಗೆ ಕೋಣೆಗಳನ್ನ ಬಿಟ್ಟಿದ್ವಲ್ಲ!" ಎಂದು ಮ್ಯಾನೇಜರ್ ಕೂಗಾಡಿದ್ದನ್ನು ಕೇಳಿದವಳು ಒಬ್ಬಳೇ. ಪಕ್ಕದಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದ ಜೊತೆ ಕೆಲಸದ ಅಟ್ರಾಕ್ಟಾ. ವಿನ್ನಿಯ ದೂರು ಕೇಳುವ ಆಯೋಗದ ಮುಂದೆ ಅದನ್ನೇ ಹೇಳುತ್ತೇನೆಂದು ಮಾತು ಕೊಟ್ಟಿದ್ದಳು.

ಹೋಟೆಲಿನ ವಕೀಲೆ ಅವರು ಕಾಯುತ್ತಿದ್ದ ಪಡಸಾಲೆಗೆ ಬಂದಳು. "ನಿಮ್ಮ ಸಾಕ್ಷೀನ ಕಾಯ್ತಿದ್ದೀರಾ? ಬೆಳಿಗ್ಗೆಯಿಂದ ಮ್ಯಾನೇಜರ್ ರೂಮಲ್ಲೇ ಇದ್ರಂತೆ. ತುಂಬಾ ಮಾತಾಯ್ತಂತೆ," ಎಂದು ನಕ್ಕು, ರಾಜಿ ಪತ್ರ ಮುಂದಿಟ್ಟಳು.

ವಿನ್ನಿ ಪೆನ್ನಿಗೆ ಕೈ ಚಾಚಿದಳು.

"ದುಡುಕಬೇಡ," ಎಂದ ಫಿಂಟನ್. "ವಿಚಾರಣೆ ಮುಂದಕ್ಕೆ ಹಾಕಿಸೋಣ."

"ಯಾರಿಗೋಸ್ಕರ ಸಾರ್? ಅವಳೂ ಅವರ ಕಡೆಯವಳೇ. ನಮ್ಮ ಪರವಾಗಿ ಯಾವತ್ತು ಯಾರು ನಿಂತಿದ್ದಾರೆ?"

ಪತ್ರದಲ್ಲಿ ಬರೆದಿತ್ತು: ಒಂದಿಷ್ಟು ಪರಿಹಾರ. ಹೋಟೆಲಿನದೇನೂ ತಪ್ಪಿಲ್ಲ. ಈ ವಿಷಯ ಅವಳು ಎಲ್ಲಿಯೂ ಬಾಯಿಬಿಡಬಾರದು. ಹೋಟೆಲಿನ ವಿರುದ್ಧ ಬೇರೆ ಯಾರು ದೂರು ಕೊಟ್ಟರೂ ಅವರ ಪರ ನಿಲ್ಲಬಾರದು. ಫಿಂಟನ್ ಒಂದೊಂದು ಷರತ್ತನ್ನೂ ಎರಡೆರಡು ಸಲ ಓದಿ ಹೇಳಿದ. ವಿನ್ನಿ ತಲೆಯಾಡಿಸಿದಳು. ಸಹಿ ಹಾಕಿದಳು. ಇಂಥದ್ದು ಅವಳಿಗೆ ರೂಢಿಯಾಗಿತ್ತು.

ಮೆಟ್ಟಿಲಿಳಿಯುವಾಗ ಯಾರೋ ಏದುಸಿರು ಬಿಡುತ್ತ ಮೇಲೆ ಓಡಿಬಂದರು. ಅಟ್ರಾಕ್ಟಾ. ಮೈಮೇಲೆ ಕೆಲಸದ ಸಮವಸ್ತ್ರ, ಕೋಟೂ ಇಲ್ಲ.

"ತಡವಾಯ್ತಾ? ಬಸ್ಸೂ ಸಿಗಲಿಲ್ಲ ಕಣೇ, ನಡ್ಕೊಂಡೇ ಬಂದೆ. ಹೋಗಬೇಡ ಅಂತ ಬೆಳಿಗ್ಗೆಯಿಂದ ಕೂರಿಸ್ಕೊಂಡಿದ್ರು. ಹೋಗೇ ಹೋಗ್ತೀನಿ ಅಂದೆ. ಹಾಗಾದ್ರೆ ತಿರುಗಿ ಬರಬೇಡ ಅಂದ್ರು. ಲಾಕರಲ್ಲಿದ್ದ ಫೋನು ತಗೊಳ್ಳೋಕೂ ಬಿಡಲಿಲ್ಲ."

ವಿನ್ನಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

"ಅಳಬೇಡ್ವೇ, ಹುಚ್ಚಿ! ಕಾನೂನಿಲ್ವಾ? ನಾಳೇನೇ ನಾನೂ ದೂರು ಕೊಡ್ತೀನಿ," ಎಂದು ಅಟ್ರಾಕ್ಟಾ ಅವಳ ಕೈ ಹಿಡಿದಳು. "ನನ್ನ ಪರ ಸಾಕ್ಷಿ ಹೇಳೋಕೆ ನೀನೊಬ್ಬಳು ಇದ್ದೀಯಲ್ಲ."