ಬರ್ಚ್ ಮರದ ಕೆಳಗಿನ ಕರ್ನಲ್

ಇನ್ನೇನು ಸಿಕ್ಕಿಬೀಳುತ್ತೇನೆ ಎಂದುಕೊಂಡು ಕರ್ನಲ್ ರೌತಲ ಬಿಳಿ ತೊಗಟೆಯ ಬರ್ಚ್ ಮರಕ್ಕೆ ಬೆನ್ನು ಕೊಟ್ಟು ಸೆಟೆದು ನಿಂತರು. ಸಿಕ್ಕಿಬೀಳುವುದೇ ಅವರಿಗೆ ಬೇಕಿತ್ತು.

ಮೈಮೇಲಿದ್ದದ್ದು ವಿನ್ಯಾಸಗಾರ್ತಿ ಸೈಮಿ ಹಾರ್ಯು ರೂಪಿಸಿದ ಹೊಸ ಸಮವಸ್ತ್ರ. ಹಸಿರು, ಕಂದು ಮಚ್ಚೆಗಳ ಹಗುರ ಬಟ್ಟೆ. ನೆನೆದರೂ ಬೇಗ ಒಣಗುತ್ತದೆ. ಹಳೆಯ ಬೂದು ಉಣ್ಣೆ ಒಣಗುವುದಿಲ್ಲ. ಕಳೆದ ಚಳಿಗಾಲ ಇಬ್ಬರು ಹುಡುಗರು ಒದ್ದೆ ಉಣ್ಣೆಯಲ್ಲೇ ಮರಗಟ್ಟಿ ಸತ್ತಿದ್ದರು. ಕರ್ನಲ್ ಸಹಿ ಹಾಕದಿದ್ದರೆ ಈ ಚಳಿಗಾಲಕ್ಕೂ ಅದೇ ಉಣ್ಣೆ.

"ಇದು ಸೈನಿಕನ ಉಡುಪಲ್ಲಮ್ಮ, ಅಡುಗೆಮನೆ ಪರದೆ," ಎಂದು ಬೆಳಿಗ್ಗೆ ಮೂದಲಿಸಿದ್ದರು. "ನಾನೇ ಹಾಕ್ಕೊಂಡು ಕಾಡಲ್ಲಿ ನಿಲ್ತೀನಿ. ನಿಮ್ಮ ಕಾಫಿ ಆರೋದ್ರೊಳಗೆ ಯಾರಿಗೂ ಸಿಗದಿದ್ರೆ ಸಹಿ!"

"ಪೊದೆಯಲ್ಲಿ ಮಲಗಿದ್ರೆ ಒಳ್ಳೇದು ಸರ್," ಎಂದಿದ್ದಳು ಸೈಮಿ.

"ಮಲಗೋಕೆ ನಾನೇನು ಹಂದೀನಾ?"

ಈಗ ಅವರನ್ನು ಹುಡುಕುತ್ತ ಸಾರ್ಜೆಂಟ್ ಕೌಕೊ ಪೊದೆ ಸರಿಸಿಕೊಂಡು ಬಂದ. ಕೈಯಳತೆಯಲ್ಲಿ ನಿಂತು ಕರ್ನಲರ ಮುಖವನ್ನೇ ನೋಡಿದ. "ಈ ಕಡೆ ಬರೀ ಮರ, ಮೇಜರ್ ಸಾಹೇಬ್ರೇ!" ಎಂದು ಕೂಗಿ ಮುಂದೆ ಹೋದ.

ಕುರುಡ, ಎಂದು ಕರ್ನಲ್ ಮನಸ್ಸಿನಲ್ಲೇ ಉಗಿದರು. ಫಿನ್ಲೆಂಡಿನ ಸೊಳ್ಳೆಗಳಿಗೆ ಮಾತ್ರ ಅವರ ಮೂಗು ಚೆನ್ನಾಗಿ ಕಾಣುತ್ತಿತ್ತು.

ಮೇಜರ್ ಬಂದು ಅದೇ ಮರಕ್ಕೆ ಒರಗಿ ಪೈಪ್ ಹಚ್ಚಿದರು. "ಆ ಮುದಿ ಗೂಬೆ ಎಲ್ಲಿ ಹೋಯ್ತೋ!"

"ಹೋದ್ರೆ ಹೋಗ್ಲಿ ಬಿಡಿ ಸರ್," ದೂರದಿಂದ ಕೌಕೊ ಕೂಗಿದ. "ನೆಮ್ಮದಿಯಾಗಿ ಊಟ ಮಾಡ್ಬಹುದು."

ಕರ್ನಲರಿಗೆ ನಖಶಿಖಾಂತ ಉರಿಯಿತು. ಆದರೆ ಉರಿಯ ನಡುವೆಯೇ ಒಂದು ಬೆರಗು. ಇವರಿಗೆ ನಾನು ನಿಜಕ್ಕೂ ಕಾಣುತ್ತಿಲ್ಲ! ತೋಳಿನ ಮಚ್ಚೆಗಳನ್ನು ಓರೆಗಣ್ಣಲ್ಲಿ ನೋಡಿಕೊಂಡರು. ಬಟ್ಟೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ತೊಟ್ಟವನ ಶಿಸ್ತು ಎಂಥದ್ದು! ಎದೆ ಇನ್ನಷ್ಟು ಉಬ್ಬಿತು.

ಕಾಫಿ ಆರಿ ತಣ್ಣಗಾದ ಮೇಲೆ ಅವರೇ ಹೊರಬಂದರು. "ಇಲ್ಲೇ ಇದ್ದೆ ಕಣ್ರಯ್ಯಾ, ನಿಮ್ಮ ಮೂಗಿನಡಿ!"

ಎಲ್ಲರೂ ಬೆಚ್ಚಿಬಿದ್ದರು. ಸೈಮಿಯ ಕೈಯಿಂದ ಲೋಟವೇ ಜಾರಿತು. ಕರ್ನಲ್ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ದೊಡ್ಡದಾಗಿ ಸಹಿ ಹಾಕಿದರು. "ಬಟ್ಟೆ ಗೆದ್ದಿತಮ್ಮ. ಆದ್ರೆ ನಿಲ್ಲೋದು ಹೇಗೆ ಅಂತ ಈ ಹುಡುಗ್ರಿಗೆ ನಾನೇ ಕಲಿಸ್ಬೇಕು."

ಕರ್ನಲರ ಜೀಪು ತಿರುವಿನಲ್ಲಿ ಮರೆಯಾಯಿತು. ಆಮೇಲೆ ಸೈಮಿ ಸಾರ್ಜೆಂಟನ ಕಡೆ ತಿರುಗಿ, "ತುಂಬಾ ಕಷ್ಟ ಆಯ್ತಾ?" ಎಂದಳು.

"ರಸ್ತೆಯಿಂದಲೇ ಕಂಡ್ರು ಮೇಡಂ. ಹತ್ರ ಹೋದಾಗ ಸೆಲ್ಯೂಟ್ ಹೊಡೀದೆ ಇರೋದೇ ಕಷ್ಟ ಆಯ್ತು."