ಹೊಸ ಬ್ಯಾರೆಲ್

ಟಪಾಲಿನಲ್ಲಿ ಬಂದ ಪೊಟ್ಟಣವನ್ನು ಚಾಕುವಿನಿಂದ ಸೀಳಿ, ಡ್ವೈಟ್ ಲುಂಡೀನ್ ತನ್ನ ಪಿಸ್ತೂಲಿನ ಹೊಸ ಬ್ಯಾರೆಲನ್ನು ಅಡುಗೆಮನೆಯ ಮೇಜಿನ ಮೇಲೆ ಎಳೆಮಗುವನ್ನು ಮಲಗಿಸುವಂತೆ ಮೆಲ್ಲಗೆ ಇಟ್ಟ. ಎದುರಿಗೆ ಪಕ್ಕದ ರ‍್ಯಾಂಚಿನ ವರ್ಲಿನ್ ಫ್ಲಾಸ್ಕಿನ ಕಾಫಿ ಹೀರುತ್ತ ಕೂತಿದ್ದ. ಹೊರಗೆ ಮೊಂಟಾನಾದ ಗಾಳಿ ಹಿಮವನ್ನು ಗುಡಿಸಿ ಗುಡಿಸಿ ಕಿಟಕಿಗೆ ಎರಚುತ್ತಿತ್ತು.

"ಹಳೇದಕ್ಕೇನಾಗಿತ್ತೋ?"

"ಸವೆದುಹೋಗಿದೆ. ನೇರ ಹೊಡೆದ್ರೆ ಎಡಕ್ಕೆ ಹೋಗುತ್ತೆ."

"ಸವೆದಿರೋದು ಬ್ಯಾರೆಲ್ಲಲ್ಲ ಕಣೋ, ನಿನ್ನ ಕಣ್ಣು. ಹೋದ ಸಲ ನನ್ನ ಹೋರೀನ ಜಿಂಕೆ ಅಂತ ಗುರಿ ಇಟ್ಟೋನು ನೀನೇ ತಾನೇ?"

ಡ್ವೈಟ್ ನಗುತ್ತಲೇ ಪಿಸ್ತೂಲಿನಿಂದ ಗುಂಡು ತುಂಬಿದ ಮ್ಯಾಗಜೀನ್ ಜಾರಿಸಿ ಪಕ್ಕಕ್ಕಿಟ್ಟ. ಈ ಜಾತಿಯ ಪಿಸ್ತೂಲಿನಲ್ಲಿ ಒಮ್ಮೆ ಟ್ರಿಗರ್ ಎಳೆಯದೆ ಮೇಲಿನ ಭಾಗ ಬಿಚ್ಚಿಕೊಳ್ಳುವುದಿಲ್ಲ. ಎಳೆಯುವ ಮೊದಲು ಬ್ಯಾರೆಲ್ಲಿನ ಬುಡದಲ್ಲಿ ಗುಂಡು ಉಳಿದಿದೆಯೇ ಎಂದು ಇಣುಕಿ ನೋಡಬೇಕು. ಡ್ವೈಟ್ ನೋಡಲಿಲ್ಲ. ಅಲ್ಲಿ ಗುಂಡಿಟ್ಟು ಪಿಸ್ತೂಲನ್ನು ಎತ್ತಿಡುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ.

ಟ್ರಿಗರ್ ಎಳೆದ. ಸದ್ದಿಗೆ ಇಬ್ಬರ ಕಿವಿಯೂ ಮುಚ್ಚಿಹೋಯಿತು. ಪಕ್ಕದ ತೆಳ್ಳನೆಯ ಗೋಡೆಯಲ್ಲಿ, ಎದೆಯ ಎತ್ತರಕ್ಕೆ, ಕಡಲೆಕಾಳಿನಷ್ಟು ತೂತು. ಗೋಡೆಯ ಆಚೆ ಮಲಗುವ ಕೋಣೆ. ಅಲ್ಲಿ ಅವನ ಹೆಂಡತಿ ನೊರೀನ್ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ನೊರೀನ್!"

ಡ್ವೈಟ್ ಗೋಡೆಯತ್ತ ತಿರುಗಿ ಇನ್ನೂ ಜೋರಾಗಿ ಕೂಗಿದ.

"ನೊರೀನ್... ನೊರಿ!" ಪಿಸ್ತೂಲನ್ನು ಮೇಜಿನ ಮೇಲೆ ಬಿಟ್ಟು ಎದ್ದ, ಮತ್ತೆ ಕೂತ. ಮುಖ ಸುಣ್ಣದಂತಾಗಿತ್ತು. "ವರ್ಲಿನ್, ನೀನು ಹೋಗಿ ನೋಡೋ. ದೇವರೇ... ನನ್ನ ಕೈಲಾಗಲ್ಲ ಕಣೋ."

ವರ್ಲಿನ್‌ಗೂ ಹೋಗುವ ಧೈರ್ಯವಿರಲಿಲ್ಲ. ಆದರೂ ಎದ್ದ. ಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಅದಿದ್ದ ಜಾಗದಲ್ಲಿ ಮರ ಸೀಳಿ, ಒಳಗಿನ ಹಸಿ ತಿರುಳು ಕಾಣುತ್ತಿತ್ತು. ಯಾರೋ ಹೊರಗಿನಿಂದ ಒದ್ದ ಹಾಗೆ. ಅವನು ಬೆರಳ ತುದಿಯಿಂದ ಬಾಗಿಲು ದೂಡಿದ. ಸುಟ್ಟ ಬಟ್ಟೆಯ ವಾಸನೆ. ಮಂಚಕ್ಕೂ ಗೋಡೆಗೂ ನಡುವೆ ನೊರೀನ್ ಮುದುಡಿ ಕೂತಿದ್ದಳು, ಕೈಯಲ್ಲಿ ಒಂಟಿ ಕಾಲುಚೀಲ. ಅದನ್ನು ಹೆಕ್ಕಲು ಬಗ್ಗಿದ್ದಕ್ಕೆ ಉಳಿದಿದ್ದಳು.

"ಎಲ್ಲಾದ್ರೂ ತಗಲಿದ್ಯೇನಮ್ಮ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಬದುಕಿದಾಳೆ ಕಣೋ! ಏನೂ ಆಗಿಲ್ಲ!" ವರ್ಲಿನ್ ಕೂಗಿದ ದನಿ ಅವನಿಗೇ ಗುರುತು ಹತ್ತಲಿಲ್ಲ.

ಡ್ವೈಟ್ ಗೋಡೆ ಹಿಡಿದುಕೊಂಡು ಬಂದ. ಬಂದವನೇ ಕುಸಿದು ಅವಳ ಮಡಿಲಲ್ಲಿ ಮುಖವಿಟ್ಟು ಹುಡುಗನಂತೆ ಅತ್ತ. ನೊರೀನಳ ಎರಡೂ ಕೈಗಳು ಗಾಳಿಯಲ್ಲೇ ನಿಂತಿದ್ದವು. ಅವನ ತಲೆಯನ್ನು ಮುಟ್ಟಲಿಲ್ಲ.

ಅಳು ನಿಂತ ಮೇಲೆ ಡ್ವೈಟ್ ತಲೆಯೆತ್ತಿದ. "ಅದು ಖಾಲಿ ಇತ್ತು. ಒಳಗೆ ಗುಂಡು ಬಿಡೋನಲ್ಲ ನಾನು. ಯಾರು ಹಾಕಿದ್ದು?"

"ನಾನು."

"ನೀನಾ? ಅದನ್ನ ಕಂಡ್ರೆ ಮಾರು ದೂರ ಹೋಗ್ತಿದ್ದೋಳು! ಯಾವಾಗ?"

"ಶನಿವಾರ. ನೀನು ಕುಡಿದು ಮಲಗಿದ ಮೇಲೆ. ಇವತ್ತು ನೀನದನ್ನ ಬಿಚ್ತೀಯ ಅಂತ ಗೊತ್ತಿರಲಿಲ್ಲ."

"ಯಾತಕ್ಕೆ?" ಅವನು ಎದ್ದು ನಿಂತ. ದನಿಯೂ ಎದ್ದಿತು. "ಮನೇಲಿ ನಾನಿರ್ಬೇಕಾದ್ರೆ ನಿಂಗ್ಯಾರ ಭಯ?"

ನೊರೀನ್ ಕೈಯಲ್ಲಿದ್ದ ಕಾಲುಚೀಲವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ವರ್ಲಿನ್ ಮುರಿದ ಬಾಗಿಲನ್ನು ನೋಡಿದ, ಆಮೇಲೆ ನೆಲವನ್ನು. ಗಂಡಹೆಂಡಿರ ನಡುವೆ ತನಗೇನು ಕೆಲಸ ಎಂದುಕೊಂಡು ಟೋಪಿ ಹಾಕಿಕೊಂಡ.

"ನಾನಿನ್ನು ಬರ್ತೀನಿ..."

ನೊರೀನ್ ಥಟ್ಟನೆ ಎದ್ದು ಅವನ ತೋಳು ಹಿಡಿದಳು. ಕೋಟಿನ ಮೇಲಿಂದಲೂ ಅವಳ ಉಗುರು ಅವನಿಗೆ ತಾಗುತ್ತಿತ್ತು.

"ಈಗಲೇ ಹೋಗ್ಬೇಡಿ, ವರ್ಲಿನ್. ಊಟ ಮಾಡ್ಕೊಂಡು ಹೋಗಿ. ಆಲೂಗಡ್ಡೆ ಬೇಯಕ್ಕಿಟ್ಟಿದೀನಿ."

ಅಡುಗೆಮನೆಯಲ್ಲಿ ಒಲೆ ಹೊತ್ತಿಸಿಯೇ ಇರಲಿಲ್ಲ.